ಎಲ್ಲಿ ಹೂತಿದ್ದೀಯ, ಮೊದಲು ಅದನ್ನ ಹೇಳು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಒಂದು ಸಿನಿಮಾ ಬಗ್ಗೆ ಮಾತಾಡೋಣ ಅಂತ ಬಂದಿದೀನಿ. ಹೆಸರು ಕಿನ್ಯಾರ್ವಾಂಡಾ, ಆಫ್ರಿಕಾದ ರುವಾಂಡಾ ದೇಶದ ಜನ ಆಡೋ ಭಾಷೆಗೂ ಇದೇ ಹೆಸರು. 2011ರಲ್ಲಿ ಬಂದಿದ್ದು, ನಿರ್ದೇಶಕ ಆಲ್ರಿಕ್ ಬ್ರೌನ್, ಆ ವರ್ಷ ಅಮೆರಿಕದ ಸನ್‌ಡ್ಯಾನ್ಸ್ ಫಿಲಂ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರು ವೋಟು ಹಾಕಿ ಕೊಡೋ ಪ್ರಶಸ್ತಿ ಇದಕ್ಕೆ ಸಿಕ್ತು. ದೊಡ್ಡ ಸ್ಟಾರ್ ಯಾರೂ ಇಲ್ಲ, ಒಂದೇ ಕಥೆನೂ ಅಲ್ಲ, ಆರು ಕಥೆ ಒಂದರೊಳಗೊಂದು ಹೆಣೆದುಕೊಂಡಿವೆ. ಆದ್ರೆ ಪ್ರೀತಿ, ದೇವರು, ಕ್ಷಮೆ ಅಂತ ನಾವು ಸುಲಭವಾಗಿ ಆಡೋ ಮಾತುಗಳಿಗೆ ಅಲ್ಲಿ ಎಷ್ಟು ಬೆಲೆ ತೆತ್ತಿದಾರೆ ಅನ್ನೋದನ್ನ ಈ ಸಿನಿಮಾ ತೋರಿಸೋ ಥರ ತುಂಬಾ ಕಡಿಮೆ ಸಿನಿಮಾ ತೋರಿಸಿವೆ ಅಂತ ನನ್ನ ಅನಿಸಿಕೆ.

ಹಿನ್ನೆಲೆ ಸ್ವಲ್ಪ ಹೇಳ್ಬಿಡ್ತೀನಿ. ರುವಾಂಡಾದಲ್ಲಿ ಹುಟು ಅನ್ನೋರು ಜಾಸ್ತಿ, ಟುಟ್ಸಿ ಅನ್ನೋರು ಕಡಿಮೆ. ಇಬ್ಬರದ್ದೂ ಒಂದೇ ಭಾಷೆ, ಹೆಚ್ಚಿನವರದ್ದು ಒಂದೇ ಚರ್ಚು, ಒಂದೇ ಗುಡ್ಡದ ಮೇಲೆ ಅಕ್ಕಪಕ್ಕದ ಮನೆ, ಮದುವೆ ಸಂಬಂಧನೂ ಇತ್ತು. 1930ರ ದಶಕದಲ್ಲಿ ಆಳ್ತಾ ಇದ್ದ ಬೆಲ್ಜಿಯಂನವರು ಪ್ರತಿಯೊಬ್ಬರಿಗೂ ಗುರುತಿನ ಚೀಟಿ ಮಾಡಿಸಿ ಅದರಲ್ಲಿ ನೀನು ಹುಟು, ನೀನು ಟುಟ್ಸಿ ಅಂತ ಬರೆಸಿಬಿಟ್ರು. ಸ್ವಾತಂತ್ರ್ಯ ಬಂದ ಮೇಲೂ ಆ ಚೀಟಿ ಹಾಗೇ ಉಳೀತು. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನ ಇದ್ದ ವಿಮಾನವನ್ನ ರಾಜಧಾನಿ ಕಿಗಾಲಿಯಲ್ಲಿ ಹೊಡೆದು ಬೀಳಿಸಿದ್ರು, ಬೆಳಗಾಗೋದ್ರೊಳಗೆ ರಸ್ತೆ ರಸ್ತೆಯಲ್ಲಿ ಅಡ್ಡಗಟ್ಟೆ, ಚೀಟಿ ತೋರ್ಸು, ಟುಟ್ಸಿ ಅಂತಿದ್ರೆ ಮಚ್ಚು. ಸುಮಾರು ನೂರು ದಿನ. ಸತ್ತವರು 8 ಲಕ್ಷ ಅಂತ ವಿಶ್ವಸಂಸ್ಥೆ ಹೇಳತ್ತೆ, 10 ಲಕ್ಷಕ್ಕೂ ಮೇಲೆ ಅಂತ ರುವಾಂಡಾ ಸರ್ಕಾರ ಹೇಳತ್ತೆ. ಟುಟ್ಸಿಗಳ ಜೊತೆ, ಕೊಲ್ಲೋಕೆ ಒಪ್ಪದ ಹುಟುಗಳೂ ಸತ್ರು.

ಈಗ ಸಿನಿಮಾದ ಹುಡುಗಿ ಜೀನ್ ಕಥೆಗೆ ಬರೋಣ. ಅಪ್ಪ ಹುಟು, ಅಮ್ಮ ಟುಟ್ಸಿ, ಪ್ರೀತಿಸ್ತಾ ಇರೋ ಹುಡುಗ ಹುಟು. ಆ ದೇಶದಲ್ಲಿ ಚೀಟಿ ಮೇಲಿನ ಗುರುತು ಅಪ್ಪನ ಕಡೆಯಿಂದ ಬರೋದು. ಅಂದ್ರೆ ಒಂದೇ ಮನೆಯಲ್ಲಿ, ಒಂದೇ ಸಾರು ಅನ್ನ ಉಣ್ಣೋರಲ್ಲಿ, ಅಪ್ಪನ ಚೀಟಿಗೆ ಜೀವ, ಅಮ್ಮನ ಚೀಟಿಗೆ ಸಾವು. ಹೀಗಿರುವಾಗ ಗಂಡ ಅನ್ನಿಸಿಕೊಂಡೋನು ಏನು ಮಾಡ್ತಾನೆ, ಬಾಗಿಲಲ್ಲಿ ನಿಂತು ಅವಳು ನನ್ನ ಹೆಂಡತಿ ಅಂತಾನಾ, ಪಕ್ಕಕ್ಕೆ ಸರೀತಾನಾ? ಜೀನ್ ಮನೆಗೆ ವಾಪಸ್ ಬರೋ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಪ್ರೀತಿ ಅನ್ನೋದನ್ನ ಸಿನಿಮಾದವರು ಹಾಡು ಕುಣಿತದಲ್ಲಿ ತೋರ್ಸಲ್ಲ, ಆ ಇಬ್ಬರೂ ಇಲ್ಲ ಅನ್ನೋದ್ರಲ್ಲೇ ತೋರಿಸ್ತಾರೆ.

ಇನ್ನೊಂದು ಕಥೆಯಲ್ಲಿ ಒಬ್ಬ ಚಿಕ್ಕ ಹುಡುಗ ಇದಾನೆ. ದಾರಿಯಲ್ಲಿ ಕೊಲೆಗಾರರು ಸಿಕ್ಕಿ, ಎಲ್ಲಾದ್ರೂ ಜಿರಳೆ ನೋಡಿದ್ಯಾ ಮರಿ ಅಂತ ಕೇಳ್ತಾರೆ. ಅವನು ಪಾಪ, ಹೂಂ ನೋಡಿದೀನಿ ಅಂತಾನೆ, ಅವನಿಗೆ ಗೊತ್ತಿರೋದು ಗೋಡೆ ಮೇಲೆ ಓಡಾಡೋ ಜಿರಳೆ ಒಂದೇ. ಮುಂದೇನಾಗತ್ತೆ ಅಂತ ನಾನು ಹೇಳಲ್ಲ, ನೋಡೋರು ನೋಡಿ. ಆದ್ರೆ ಟುಟ್ಸಿಗಳನ್ನ ಜಿರಳೆ ಅನ್ನೋ ಈ ಬೈಗುಳ ಅಷ್ಟು ಚೆನ್ನಾಗಿ ಊರೂರಿಗೆ ಹೇಗೆ ಹಬ್ಬಿತು ಅನ್ನೋದನ್ನ ಈ ಮೈಕಿನ ಮುಂದೆ ಕೂತು ನಾನು ಹೇಳಲೇಬೇಕು. ರೇಡಿಯೊದಿಂದ. ಆರ್‌ಟಿಎಲ್‌ಎಂ ಅಂತ ಒಂದು ಖಾಸಗಿ ಸ್ಟೇಷನ್, 1993ರ ಜುಲೈನಲ್ಲಿ ಶುರುವಾಗಿತ್ತು. ಒಳ್ಳೊಳ್ಳೆ ಕಾಂಗೋ ಹಾಡು ಹಾಕೋರು, ಗೆಳೆಯರ ಥರ ಹರಟೆ ಹೊಡೆಯೋರು, ಜನಕ್ಕೆ ಬಹಳ ಇಷ್ಟ. ಅದೇ ದನಿಯಲ್ಲಿ ಟುಟ್ಸಿಗಳನ್ನ ಜಿರಳೆ ಜಿರಳೆ ಅಂತ ಕರೆದೂ ಕರೆದೂ, ಕೊನೆಗೆ ಯಾರ ಹೆಸರು, ಯಾವ ಏರಿಯಾ, ಯಾವ ನಂಬರಿನ ಕಾರು ಅಂತ ಓದಿ ಹೇಳೋಕೆ ಶುರುಮಾಡಿದ್ರು. ಟಾಂಜಾನಿಯಾದ ಅರುಶಾದಲ್ಲಿ ಕೂತ ಅಂತಾರಾಷ್ಟ್ರೀಯ ನ್ಯಾಯಾಲಯ 2003ರಲ್ಲಿ ಆ ಸ್ಟೇಷನ್ ಕಟ್ಟಿದವರಿಗೆ ಶಿಕ್ಷೆ ಕೊಡ್ತು. ಅಲ್ಲಿ ಮಾತಾಡ್ತಾ ಇದ್ದ ಜಾರ್ಜ್ ರುಗ್ಗಿಯು ಅನ್ನೋ ಬೆಲ್ಜಿಯಂನವನು 2000ದಲ್ಲೇ ತಪ್ಪು ಒಪ್ಪಿಕೊಂಡ, ಅವನಿಗೆ 12 ವರ್ಷ. ನಮ್ಮ ಕೆಲಸ ಮಾಡೋರೇ, ನಮ್ಮಂಥ ಮೈಕೇ. ಇದನ್ನ ಓದಿದಾಗಿಂದ ಸ್ಟುಡಿಯೊ ಒಳಗೆ ಬರುವಾಗ ನನಗೆ ನೆನಪಾಗ್ತಾನೇ ಇರತ್ತೆ.

ದೇವರ ವಿಷಯ. ಜನ ಜೀವ ಉಳಿಸಿಕೊಳ್ಳೋಕೆ ಚರ್ಚುಗಳಿಗೆ ಓಡಿದ್ರು, ಹಿಂದೆ ಗಲಾಟೆ ಆದಾಗ ಅಲ್ಲಿ ಉಳಿದಿದ್ರು ಅನ್ನೋ ನಂಬಿಕೆ. ಈ ಸಲ ನ್ಯಾಮಾಟ, ನ್ಟರಾಮ, ನ್ಯಾರುಬುಯೆ ಚರ್ಚುಗಳಲ್ಲಿ ಸಾವಿರಾರು ಜನ ಸತ್ರು. ನ್ಯಾಂಗೆ ಅನ್ನೋ ಊರಲ್ಲಿ ಒಳಗೆ ಜನ ಇದ್ದಂಗೇ ಬುಲ್‌ಡೋಜರ್ ತಂದು ಚರ್ಚನ್ನ ಉರುಳಿಸಿದ್ರು, ಅಲ್ಲಿನ ಪಾದ್ರಿ ಅಥನಾಸ್ ಸೆರೋಂಬಾಗೆ ಅದಕ್ಕೇ ಜೀವಾವಧಿ ಶಿಕ್ಷೆ ಆಯ್ತು. ಅದೇ ಹೊತ್ತಲ್ಲಿ ದೇಶದ ಮುಸಲ್ಮಾನರ ಹಿರಿಯ ಮುಫ್ತಿ, ಈ ಕೊಲೆಯಲ್ಲಿ ನಮ್ಮವರು ಯಾರೂ ಸೇರಕೂಡದು ಅಂತ ಫತ್ವಾ ಹೊರಡಿಸಿದ್ರು. ಕಿಗಾಲಿಯ ದೊಡ್ಡ ಮಸೀದಿ ಬಾಗಿಲು ತೆಗೀತು, ಟುಟ್ಸಿ ಬಂದ್ರು, ಕೊಲ್ಲಲ್ಲ ಅಂದ ಹುಟುಗಳೂ ಬಂದ್ರು, ಕ್ರಿಶ್ಚಿಯನ್ನರೂ ಬಂದ್ರು. ಅಲ್ಲಿ ಉಳಿದವರು ಹೇಳಿದ್ದನ್ನೇ ಇಟ್ಕೊಂಡು ಈ ಸಿನಿಮಾ ಮಾಡಿದಾರೆ. ಮಸೀದಿ ಒಳಗೆ ಆಶ್ರಯ ಪಡೆದಿರೋ ಒಬ್ಬ ಕ್ಯಾಥೊಲಿಕ್ ಪಾದ್ರಿ ಪಾತ್ರ ಇದೆ ನೋಡಿ, ತನ್ನ ಚರ್ಚೇ ಕೈಬಿಟ್ಟಾಗ ಬೇರೆಯವರ ಪ್ರಾರ್ಥನೆ ಮನೆಯಲ್ಲಿ ಕೂತು ತನ್ನ ದೇವರನ್ನ ಹುಡುಕ್ತಾ ಇರೋನು, ನನಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸಿದ್ದು ಆ ಪಾತ್ರನೇ. ಒಂದು ಧರ್ಮ ಒಳ್ಳೇದು ಇನ್ನೊಂದು ಕೆಟ್ಟದ್ದು ಅಂತ ದಯವಿಟ್ಟು ತಿಳ್ಕೋಬೇಡಿ. ಗಿಸೆನಿಯಲ್ಲಿ ಫೆಲಿಸಿಟಾಸ್ ನಿಯಿತೆಗೆಕಾ ಅನ್ನೋ ಕ್ಯಾಥೊಲಿಕ್ ಹೆಣ್ಣುಮಗಳು, ಆಕೆ ಹುಟು, ಅಣ್ಣತಮ್ಮಂದಿರಲ್ಲಿ ಒಬ್ಬ ಸೇನೆಯ ಅಧಿಕಾರಿ, ನಿನ್ನನ್ನ ಉಳಿಸ್ತೀನಿ ಬಾ ಅಂದ್ರೂ ತಾನು ಬಚ್ಚಿಟ್ಟಿದ್ದ ಜನರನ್ನ ಬಿಟ್ಟು ಹೋಗಲ್ಲ ಅಂತ ಅವರ ಜೊತೆಗೇ ಸತ್ತಳು. ಆ ನ್ಯಾಂಗೆ ಊರಲ್ಲೇ 1997ರಲ್ಲಿ ಬಂದೂಕು ಹಿಡಿದವರು ಸ್ಕೂಲಿಗೆ ನುಗ್ಗಿ, ಹುಟು ಒಂದು ಕಡೆ ಟುಟ್ಸಿ ಒಂದು ಕಡೆ ನಿಲ್ರಿ ಅಂದಾಗ ಮಕ್ಕಳು ಬೇರೆ ಆಗಲೇ ಇಲ್ಲ. ಕೆಲವರು ಸತ್ರು. ಮೂರು ವರ್ಷದ ಹಿಂದೆ ಚರ್ಚು ಉರುಳಿದ್ದ ಊರು ಅದು.

ಇನ್ನು ಕ್ಷಮೆ. ಸಿನಿಮಾದಲ್ಲಿ ಇಮ್ಯಾನುಯೆಲ್ ಅನ್ನೋನು ಜೀನ್‌ಳ ಅಪ್ಪ ಅಮ್ಮನನ್ನ ಕೊಂದವನು, ಅವಳ ಹತ್ರನೇ ಕ್ಷಮೆ ಕೇಳಬೇಕು. ಇದು ಸಿನಿಮಾದವರು ಸುಮ್ನೆ ಹೊಸೆದಿದ್ದಲ್ಲ. 2000ದ ಸುಮಾರಿಗೆ ರುವಾಂಡಾ ಜೈಲುಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ತುಂಬಿದ್ರು, ಕೋರ್ಟಿನಲ್ಲಿ ಒಂದೊಂದೇ ಕೇಸು ನಡೆಸಿದ್ರೆ ತಲೆಮಾರುಗಳೇ ಬೇಕಾಗ್ತಿತ್ತು. ಆಗ ಗಚಾಚಾ ಅನ್ನೋ ಹಳ್ಳಿ ಪಂಚಾಯ್ತಿ ಪದ್ಧತಿಯನ್ನ ಕಾನೂನಿನೊಳಗೆ ತಂದ್ರು. ಊರವರೇ ಜಡ್ಜುಗಳು, ಹುಲ್ಲಿನ ಮೇಲೆ ಕೂತು ವಿಚಾರಣೆ, 2012ರಲ್ಲಿ ಮುಚ್ಚೋ ಹೊತ್ತಿಗೆ 19 ಲಕ್ಷ ಕೇಸು ಮುಗಿಸಿದ್ರು. ಒಪ್ಪಿಕೊಂಡ್ರೆ ಶಿಕ್ಷೆ ಕಡಿಮೆ, ಆದ್ರೆ ತಪ್ಪಾಯ್ತು ಅಂದ್ರೆ ಸಾಲದು, ಏನು ಮಾಡ್ದೆ, ಯಾರ ಜೊತೆ ಸೇರಿ ಮಾಡ್ದೆ, ಹೆಣ ಎಲ್ಲಿ ಹಾಕ್ದೆ, ಎಲ್ಲಾ ಹೇಳಬೇಕು. ನನಗೆ ಈ ಕೊನೇ ಪ್ರಶ್ನೆನೇ ಮುಖ್ಯ. ಅಮ್ಮನನ್ನ ಕಳ್ಕೊಂಡ ಮಗಳಿಗೆ ಕೊಲೆಗಾರನ ಕಣ್ಣೀರಿನಿಂದ ಏನಾಗಬೇಕಿದೆ, ಅವಳಿಗೆ ಬೇಕಾಗಿರೋದು ಆ ಗುಂಡಿ ಯಾವುದು ಅನ್ನೋದು, ಮೂಳೆ ತೆಗೆದು ತೊಳೆದು ಹೆಸರಿಟ್ಟು ಮಣ್ಣು ಮಾಡೋದು. ಅಷ್ಟನ್ನ ಹೇಳದೆ ಕ್ಷಮಿಸು ಅಂತ ಬಂದವನು ಇನ್ನೂ ಒಂದು ಭಾರವನ್ನ ಅವಳ ತಲೆ ಮೇಲೇ ಹೊರಿಸ್ತಾನೆ ಅಷ್ಟೇ.

ಗಚಾಚಾದಲ್ಲಿ ಎಲ್ಲಾ ಸರಿ ಇರಲಿಲ್ಲ, ಸುಳ್ಳು ಸಾಕ್ಷಿ ಬಂತು, ನಿಜ ಹೇಳಿದವರಲ್ಲಿ ಕೆಲವರ ಕೊಲೆ ಆಯ್ತು, ಆ ಸರ್ಕಾರದ ಸೇನೆಯನ್ನ ಸೋಲಿಸಿ ಅಧಿಕಾರಕ್ಕೆ ಬಂದ, ಟುಟ್ಸಿಗಳೇ ಹೆಚ್ಚಿದ್ದ ಆರ್‌ಪಿಎಫ್ ಅನ್ನೋ ಬಂಡುಕೋರ ಪಡೆಯ ಸೈನಿಕರು ಮಾಡಿದ ಹತ್ಯೆಗಳು ಆ ಹುಲ್ಲಿನ ಮೇಲೆ ವಿಚಾರಣೆಗೆ ಬರಲೇ ಇಲ್ಲ. ಸಿನಿಮಾನೂ ಆ ಸೈನಿಕರನ್ನ ಒಳ್ಳೆಯವರನ್ನಾಗಿಯೇ ತೋರ್ಸತ್ತೆ, ಇದೊಂದು ಕೊರತೆ ಅಂತ ನಾನು ಖಂಡಿತ ಹೇಳ್ತೀನಿ. ಆದ್ರೂ ಕೊಂದವರು ಎದ್ದು ನಿಂತು, ಬದುಕಿ ಉಳಿದವರ ಮುಂದೆ, ನಾನೇ ಮಾಡಿದ್ದು ಅಂತ ಬಾಯಿಬಿಟ್ಟು ಹೇಳಬೇಕಾದ ಜಾಗ ಅದಾಗಿತ್ತು.

2018ರಲ್ಲಿ, ಅಂದ್ರೆ 24 ವರ್ಷ ಆದ ಮೇಲೆ, ಕಿಗಾಲಿಯ ಗಸಾಬೊ ಜಿಲ್ಲೆಯಲ್ಲಿ ಮನೆಗಳ ಕೆಳಗೆ ಹೆಣ ಹೂತಿದ್ದ ಗುಂಡಿಗಳು ಹೊಸದಾಗಿ ಸಿಕ್ಕಿದ್ವು, ಸಾವಿರಾರು ಜನರ ಮೂಳೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೋರು ಯಾಕೆ ಹೇಳಲಿಲ್ಲ ಅಂತ ಬದುಕಿ ಉಳಿದವರು ಕೇಳಿದ್ರು. ಸಿನಿಮಾ ನೋಡಿ. ಜೀನ್ ಮುಂದೆ ಇಮ್ಯಾನುಯೆಲ್ ನಿಲ್ಲೋ ಜಾಗ ಬಂದಾಗ ಅವಳೇನು ಹೇಳ್ತಾಳೆ ಅನ್ನೋದಕ್ಕಿಂತ ಮೊದಲು, ಅವನು ಎಷ್ಟು ಹೇಳ್ತಾನೆ ಅನ್ನೋದನ್ನ ಗಮನ ಇಟ್ಟು ಕೇಳಿಸ್ಕೊಳ್ಳಿ. ನಮಸ್ಕಾರ.