ತಿದ್ದಿದ ಪುಟ ಎಲ್ಲಿ ಹೋಯಿತು?

ಪರದೆಯ ಎಡಗಡೆ ಕಾಣುತ್ತಿರುವುದು ನನ್ನ ಜಾಲತಾಣದ ಮುಖಪುಟ. ಬಲಗಡೆ ಇರುವುದು ಅದೇ ಮುಖಪುಟದ ಕಡತ. ಹಾಗೆಂದು ನಾನು ಎರಡು ಗಂಟೆ ನಂಬಿಕೊಂಡಿದ್ದೆ. ಒಂದು ಕಾಗುಣಿತದ ತಪ್ಪನ್ನು ಸರಿಪಡಿಸಬೇಕಿತ್ತು, ಅಷ್ಟೇ. ತಿದ್ದಿದೆ, ಉಳಿಸಿದೆ, ಪುಟವನ್ನು ಮತ್ತೆ ತೆರೆದೆ. ತಪ್ಪು ಕೂತಲ್ಲಿಂದ ಕದಲಲಿಲ್ಲ.

ಮೊದಲು ಬೈದದ್ದು, ನೋಡಿದ ಪುಟಗಳ ನಕಲು ಇಟ್ಟುಕೊಳ್ಳುವ ಬ್ರೌಸರ್‌ನ ಕ್ಯಾಶ್‌ಗೆ. ಅದನ್ನು ಅಳಿಸಿದೆ. ಇನ್ನೊಂದು ಬ್ರೌಸರ್‌ನಲ್ಲಿ ನೋಡಿದೆ, ಆಮೇಲೆ ಮೊಬೈಲ್‌ನಲ್ಲಿ. ಕೊನೆಗೆ ರೋಸಿಹೋಗಿ ಆ ಕಡತದ ಹೆಸರನ್ನೇ ಬದಲಾಯಿಸಿದೆ. ಆದರೂ ಮುಖಪುಟ ಏನೂ ಆಗದಂತೆ ತೆರೆದುಕೊಂಡಿತು. ಆಗ ಹೊಳೆಯಿತು: ನಾನು ತಿದ್ದುತ್ತಿದ್ದ ಕಡತವೇ ಬೇರೆ, ಜಾಲತಾಣದ ಪುಟಗಳನ್ನು ಕೇಳಿದವರಿಗೆ ಒದಗಿಸುವ ತಂತ್ರಾಂಶ, ಅಂದರೆ ಸರ್ವರ್, ಎತ್ತಿ ಕೊಡುತ್ತಿದ್ದ ಕಡತವೇ ಬೇರೆ.

ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಅಪಾಚೆ ಎಂಬ ಸರ್ವರ್ ಹಾಕಿದರೆ ಕಡತಗಳು ವಾರ್, ಅದರೊಳಗೆ ಡಬ್ಲ್ಯುಡಬ್ಲ್ಯುಡಬ್ಲ್ಯು, ಅದರೊಳಗಿನ ಎಚ್‌ಟಿಎಂಎಲ್ ಫೋಲ್ಡರ್‌ನಲ್ಲಿರುತ್ತವೆ. ನನ್ನ ಕೈ ಅಭ್ಯಾಸಬಲದಿಂದ ಅಲ್ಲಿಗೇ ಹೋಗಿತ್ತು. ಅದೇನು ಶಾಶ್ವತ ವಿಳಾಸವಲ್ಲ, ಉಬುಂಟು 14.04ಕ್ಕಿಂತ ಮೊದಲು ಕೊನೆಯ ಎಚ್‌ಟಿಎಂಎಲ್ ಫೋಲ್ಡರ್ ಇರಲಿಲ್ಲ. ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್‌ನ ತಯಾರಕರದೇ ಪ್ಯಾಕೇಜ್ ಹಾಕಿದರೆ ಯುಎಸ್‌ಆರ್ ಒಳಗಿನ ಶೇರ್ ಫೋಲ್ಡರ್‌ನಲ್ಲಿ ಹುಡುಕಬೇಕು. ಇಡೀ ಡಿಸ್ಕ್‌ನಲ್ಲಿ ಹುಡುಕಿದೆ. ಇಂಡೆಕ್ಸ್ ಎಂಬ ಹೆಸರಿನ ಏಳು ಪುಟಗಳು ಸಿಕ್ಕವು. ಅವುಗಳಲ್ಲಿ ಯಾವುದು ಹೊರಗಿನವರಿಗೆ ಕಾಣುತ್ತಿದೆ ಎಂದು ಹುಡುಕಾಟ ಹೇಳುವುದಿಲ್ಲ. ಅದನ್ನು ಸರ್ವರನ್ನೇ ಕೇಳಬೇಕು.

ಆದರೆ ಯಾವ ಸರ್ವರ್? ನಾನು ಜಾರಿದ್ದು ಇಲ್ಲೇ. ಎಸ್‌ಎಸ್ ಆದೇಶ ಕೊಟ್ಟು, ಜಾಲತಾಣದ ಕೋರಿಕೆಗಳು ಬರುವ ಬಾಗಿಲುಗಳಾದ 80 ಮತ್ತು 443ನೇ ಪೋರ್ಟ್‌ಗಳು ಯಾರ ಕೈಯಲ್ಲಿವೆ ಎಂದು ನೋಡಿದೆ. ಎರಡೂ ಎಂಜಿನ್‌ಎಕ್ಸ್ ವಶದಲ್ಲಿದ್ದವು. ಯಾವುದೋ ಪ್ರಯೋಗಕ್ಕೆಂದು ಹಾಕಿ ಮರೆತಿದ್ದ ಅಪಾಚೆ 8080ರಲ್ಲಿ ಕೂತು ತೂಕಡಿಸುತ್ತಿತ್ತು. ಅದರ ಸಂರಚನೆಯ (ಸೆಟ್ಟಿಂಗ್‌ಗಳ) ಕಡತದಲ್ಲಿ, ಪುಟಗಳಿರುವ ಫೋಲ್ಡರ್ ಯಾವುದೆಂದು ಹೇಳುವ ಡಾಕ್ಯುಮೆಂಟ್‌ರೂಟ್ ಎಂಬ ಸಾಲನ್ನು ಓದಿ, ಸಾಕ್ಷಿ ಸಿಕ್ಕಿತೆಂದು ನಾನು ಬೀಗಿದ್ದೆ.

ಎಂಜಿನ್‌ಎಕ್ಸ್‌ಗೆ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ ತನ್ನ ಸಂರಚನೆಯನ್ನೆಲ್ಲ ಒಟ್ಟಿಗೆ ಸುರಿಯುತ್ತದೆ. ಸುರಿಯುವುದು ಡಿಸ್ಕ್‌ನಲ್ಲಿರುವುದನ್ನು, ಬದಲಾಯಿಸಿ ರೀಲೋಡ್ ಮಾಡದಿದ್ದರೆ ಓಡುತ್ತಿರುವ ಸರ್ವರ್ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಸುರಿದದ್ದರಲ್ಲಿ ನನ್ನ ಡೊಮೇನ್ ಹೆಸರಿರುವ ಸರ್ವರ್ ಬ್ಲಾಕ್, ಅಂದರೆ ಒಂದು ತಾಣದ ಸೆಟ್ಟಿಂಗ್‌ಗಳ ಗುಂಪು, ಹುಡುಕಿದೆ. ಹೆಸರು ಯಾವುದಕ್ಕೂ ಹೊಂದದಿದ್ದರೆ, ಡೀಫಾಲ್ಟ್ ಎಂದು ಗುರುತಿಸಿದ ಬ್ಲಾಕ್, ಅದೂ ಇಲ್ಲದಿದ್ದರೆ ಆ ಪೋರ್ಟ್‌ನ ಮೊದಲ ಬ್ಲಾಕ್ ಉತ್ತರ ಕೊಡುತ್ತದೆ. ಎಷ್ಟೋ ಜನ ಬೇರೆಯವರ ಪುಟ ಕಂಡು ಗಾಬರಿಯಾಗುವುದು ಇದರಿಂದಲೇ.

ನನ್ನ ಬ್ಲಾಕ್‌ನ ರೂಟ್ ಸಾಲು ಎಸ್‌ಆರ್‌ವಿ ಒಳಗಿನ ‘ಕರೆಂಟ್’ ಎಂಬ ಹೆಸರನ್ನು ತೋರಿಸಿತು. ನೋಡಿದರೆ ಅದು ಫೋಲ್ಡರೇ ಅಲ್ಲ, ಕೊಂಡಿ! ಕೊಂಡಿ ಎಲ್ಲಿಗೆ ಹೋಗುತ್ತದೆಂದು ಹೇಳುವ ರೀಡ್‌ಲಿಂಕ್ ಆದೇಶಕ್ಕೆ ಕೇಳಿದಾಗ ದಿನಾಂಕ ಹೊತ್ತ ಇನ್ನೊಂದು ಫೋಲ್ಡರ್‌ಗೆ ಬೆರಳು ಮಾಡಿತು. ಪ್ರತಿ ಬಿಡುಗಡೆಗೂ ಹೊಸ ಫೋಲ್ಡರ್ ಮಾಡಿ, ಕೊಂಡಿಯನ್ನು ಅದರತ್ತ ತಿರುಗಿಸುವ ಈ ಏರ್ಪಾಡನ್ನು ಮಾಡಿದ ಜಾಣ ನಾನೇ. ಎರಡು ವರ್ಷದ ಹಿಂದೆ.

ಖಚಿತಪಡಿಸಿಕೊಳ್ಳಲು ಒಂದು ಕಿತಾಪತಿ ಮಾಡಿದೆ. ಇಲ್ಲದ ಪುಟವೊಂದನ್ನು, ‘ಬೆಕ್ಕು’ ಎಂಬ ಹೆಸರಿನಲ್ಲಿ, ಬ್ರೌಸರ್‌ನಿಂದ ಕೇಳಿದೆ. 404, ಅಂದರೆ ‘ಪುಟ ಸಿಗಲಿಲ್ಲ’, ಬಂತು. ಜೊತೆಗೆ ಎಂಜಿನ್‌ಎಕ್ಸ್‌ನ ದೋಷದಾಖಲೆಯಲ್ಲಿ, ಬೆಕ್ಕನ್ನು ಯಾವ ಫೋಲ್ಡರ್‌ನಲ್ಲಿ ಹುಡುಕಿ ಸೋತಿತೆಂದು ಪೂರ್ತಿ ದಾರಿ ಬರೆದಿತ್ತು. ಕಡತ ಸಿಗದಿದ್ದರೆ ಮುಂದೇನು ನೋಡಬೇಕೆಂದು ಹೇಳುವ ಟ್ರೈ‌ಫೈಲ್ಸ್ ನಿಯಮವಿರುವಲ್ಲಿ ಈ ಸಾಲು ಬೀಳದೇ ಇರಬಹುದು. ಆದರೂ ಇಂಥ ಹೊತ್ತಿನಲ್ಲಿ ನನಗೆ ಅತ್ಯಂತ ಇಷ್ಟವಾದ ತಂತ್ರ ಇದೇ.

ದಿನಾಂಕದ ಆ ಫೋಲ್ಡರ್‌ನಲ್ಲೇ ತಿದ್ದಿಬಿಡೋಣ ಎನಿಸಿತು. ತಿದ್ದಿದ್ದರೆ ಮುಂದಿನ ಬಿಡುಗಡೆಯಲ್ಲಿ ತಪ್ಪು ಮತ್ತೆ ಎದ್ದು ಬರುತ್ತಿತ್ತು. ಹಾಗಾಗಿ ಮೂಲಪ್ರತಿಯಲ್ಲಿ ಸರಿಪಡಿಸಿ ಹೊಸ ಬಿಡುಗಡೆ ಮಾಡಿದೆ. ಒಂದು ಕೊಂಬು ಸೇರಿಸಿದ್ದು, ಅಷ್ಟೇ.