12 ಬಿಟ್ಟಾ, 16 ಬಿಟ್ಟಾ?

ಇದು ಚಿಕ್ಕಪ್ಪನ ಹಳೇ ಹ್ಯಾಂಡಿಕ್ಯಾಮ್. ಮಿನಿ ಡಿವಿ ಕ್ಯಾಸೆಟ್ ಹಾಕುವಂಥದ್ದು. ಮೆನುವಿನಲ್ಲಿ ಆಡಿಯೋ ಮೋಡ್ ಅಂತ ಇದೆ, ನೋಡಿ. 12 ಬಿಟ್, 16 ಬಿಟ್. ಕಡಿಮೆ ಇಟ್ಟರೆ ಕ್ಯಾಸೆಟ್‌ನಲ್ಲಿ ಜಾಗ ಉಳಿಯುತ್ತದೆ ಅಂತ ಎಲ್ಲರೂ 12ರಲ್ಲೇ ಬಿಡುತ್ತಿದ್ದರು.

ಏನೂ ಉಳಿಯಲ್ಲ. ಬನ್ನಿ, ಲೆಕ್ಕ ಹಾಕೋಣ. 16 ಬಿಟ್‌ನಲ್ಲಿ ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಷ್ಟು ಅಳತೆ; ಒಂದೊಂದಕ್ಕೂ 16 ಬಿಟ್; ಎಡ-ಬಲ ಸೇರಿ ಎರಡು ಚಾನೆಲ್. ಗುಣಿಸಿದರೆ 15,36,000 ಬಿಟ್. 12 ಬಿಟ್‌ನಲ್ಲಿ 32,000 ಸ್ಯಾಂಪಲ್, ಆದರೆ ಚಾನೆಲ್ ನಾಲ್ಕು. ಗುಣಿಸಿ ನೋಡಿ. ಅದೇ 15,36,000! ಆ ನಾಲ್ಕರಲ್ಲಿ ಎರಡನ್ನು ಆಮೇಲೆ ಹಾಡೋ ಮಾತೋ ಡಬ್ ಮಾಡಲಿ ಅಂತ ಖಾಲಿ ಬಿಟ್ಟಿರುತ್ತಾರೆ. ಈಗ ಆ ಕೆಲಸವನ್ನು ಫೋನೇ ಮಾಡುತ್ತದೆ. ಸುಮ್ನೆ ಅರ್ಧ ಜಾಗ ಯಾಕೆ ಬಿಡಬೇಕು? ನನ್ನ ಓಟು 16ಕ್ಕೆ.

ಈಗ ನಾವು ಕೋಲಾರದ ಎಪಿಎಂಸಿಯಲ್ಲಿ ಇದ್ದೇವೆ. ಟೊಮೆಟೊ ಹರಾಜು. ಕೂಗು ಅರ್ಧ ಕನ್ನಡ, ಅರ್ಧ ತೆಲುಗು. ಕಿವಿಗೊಟ್ಟು ಕೇಳಿ. ರೇಟು ಕೂಗಿದ ತಕ್ಷಣ ಹಿಂದಿನ ಗದ್ದಲ ತಗ್ಗುತ್ತದೆ. ಕೂಗು ನಿಂತಿತೋ, ಬಾಕ್ಸ್ ಎಳೆಯುವ ಸದ್ದು ಮೆಲ್ಲಗೆ ಮೇಲೆ ಬರುತ್ತದೆ. ಇದು ಕ್ಯಾಮೆರಾ ತಾನೇ ವಾಲ್ಯೂಮ್ ಏರಿಸಿ ಇಳಿಸುವ ಆಟ. ಇದಕ್ಕೆ 16 ಬಿಟ್ ಮದ್ದಲ್ಲ. ಮೈಕ್ ಲೆವೆಲ್ ಕೈಯಲ್ಲಿ ಹೊಂದಿಸುವ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಇದರಲ್ಲಿ ಇಲ್ಲ. ಸ್ವಲ್ಪ ದೂರ ನಿಂತು ಹಿಡಿದೆ, ಅಷ್ಟೇ.

ಅಂತರಗಂಗೆಯಲ್ಲಿ ಕಥೆಯೇ ಬೇರೆ. ಕಲ್ಲಿನ ಬಸವನ ಬಾಯಿಂದ ನೀರು ಸಣ್ಣಗೆ ಬೀಳುತ್ತದೆ. ಸುತ್ತ ಸದ್ದಿಲ್ಲ ಅಂತ ಕ್ಯಾಮೆರಾ ವಾಲ್ಯೂಮ್ ಏರಿಸುತ್ತದೆ. ನೀರಿನ ಜೊತೆ ಕ್ಯಾಸೆಟ್ ತಿರುಗುವ ಮೋಟಾರಿನ ಗುಂಯ್ ಕೂಡ ಬರುತ್ತದೆ. ಅದಕ್ಕೇ ಇಲ್ಲಿ ಹೊರಗಿನ ಮೈಕ್ ಹಾಕಿ, ವೈರ್ ಉದ್ದ ಬಿಟ್ಟು ನೀರಿನ ಹತ್ತಿರ ಇಟ್ಟಿದ್ದೇನೆ. ಕೋತಿಗಳ ಮೇಲೆ ಒಂದು ಕಣ್ಣು ಇರಲೇಬೇಕು. 32,000 ಸ್ಯಾಂಪಲ್‌ನಲ್ಲಿ 16 ಕಿಲೋಹರ್ಟ್ಸ್‌ಗಿಂತ ಮೇಲಿನ ತೀರಾ ಕೀಚಲು ಸದ್ದು ಉಳಿಯುವುದಿಲ್ಲ. ನೀರಿನ ಚಿಟಪಟದ ಚುರುಕು ಬೇಕಂದರೆ 48,000 ಇರಲಿ.

ಒಂದೇ ಕ್ಯಾಸೆಟ್ಟಿನಲ್ಲಿ ಎರಡೂ ಮೋಡ್ ಬೆರೆಸಬೇಡಿ. ಎಡಿಟಿಂಗ್‌ನಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುವುದುಂಟು.

ಇನ್ನೊಂದು. ಮನೆಯಲ್ಲಿ 12 ಬಿಟ್‌ನ ಹಳೇ ಮದುವೆ ಕ್ಯಾಸೆಟ್ ಇದ್ದು, ಚಿತ್ರ ಬಂದು ಸದ್ದು ಬರದಿದ್ದರೆ ಹಾಳಾಯಿತು ಅಂತ ಎಸೆಯಬೇಡಿ. ಪ್ಲೇ ಮಾಡುವಾಗ ಮೆನುವಿನಲ್ಲಿ ಆಡಿಯೋ ಮಿಕ್ಸ್ ನೋಡಿ. ಅದು ಎರಡನೇ ಸ್ಟೀರಿಯೋ ಕಡೆ, ಅಂದರೆ ಡಬ್‌ಗೆ ಅಂತ ಖಾಲಿ ಬಿಟ್ಟ ಆ ಎರಡು ಚಾನೆಲ್ ಕಡೆ, ಪೂರ್ತಿ ತಿರುಗಿರಬಹುದು. ಮೊದಲನೇದಕ್ಕೆ ತಂದು ಮತ್ತೆ ಪ್ಲೇ ಒತ್ತಿ.