ಫೈಲು ಯಾರಿಗಾಗಿ ಕಾಯುತ್ತಿದೆ?

ಕೇಳುಗರಿಗೆ ನಮಸ್ಕಾರ.

ಒಂದು ಸಹಕಾರ ಸಂಘ. ಸಣ್ಣದು. ಊರಿನ ಹೆಸರು ಬೇಡ ಬಿಡಿ. ಮರುದಿನ ಬೆಳಿಗ್ಗೆ ವಾರ್ಷಿಕ ಮಹಾಸಭೆ. ಹಿಂದಿನ ದಿನ ಸಂಜೆ ಸೆಕ್ರೆಟರಿ ನನಗೆ ಫೋನು ಮಾಡಿದರು. "ಮೇಷ್ಟ್ರೇ, ವರದಿ ಫೈಲು ಓಪನ್ ಆಗ್ತಾನೇ ಇಲ್ಲ. ಕ್ಲಿಕ್ ಮಾಡಿ ಹೋಗಿ ಕಾಫಿ ಕುಡಿದು ಬಂದೆ, ಇನ್ನೂ ತಿರುಗ್ತಾನೇ ಇದೆ. ಒಂದ್ಸಲ ಬಂದು ನೋಡ್ತೀರಾ?"

ಹೋದೆ. ಅಲ್ಲಿ ಆಗಲೇ ನಾಲ್ಕು ಜನ ಸೇರಿದ್ದರು. ಒಬ್ಬರು ವೈರಸ್ ಎಂದರು. ಇನ್ನೊಬ್ಬರು ರ್‍ಯಾಮ್ ಸಾಲದು ಎಂದರು. ಮತ್ತೊಬ್ಬರು ಕನ್ನಡ ಫಾಂಟಿನ ಮೇಲೆ ಗೂಬೆ ಕೂರಿಸಿದರು. ತಮಾಷೆ ಎಂದರೆ ಕಂಪ್ಯೂಟರ್ ಹೊಸದು. ಹಳೆಯದು ನಿಧಾನ ಅಂತಲೇ ಸಂಘದವರು ಇದನ್ನು ಕೊಂಡಿದ್ದರು. ಕೊಂಡ ಮೇಲೆ ಈ ಫೈಲು ಇನ್ನೂ ನಿಧಾನವಾಯಿತಂತೆ!

ನಾನು ಗಡಿಯಾರ ನೋಡಿಕೊಂಡು ಫೈಲು ತೆರೆದೆ. ಹೆಚ್ಚುಕಡಿಮೆ ನಾಲ್ಕು ನಿಮಿಷ ಹಿಡಿಯಿತು. 34 ಪುಟದ ವರ್ಡ್ ಫೈಲಿಗೆ ನಾಲ್ಕು ನಿಮಿಷ. ಆದರೆ ತೆರೆದ ಮೇಲೆ ನೋಡಿದರೆ ಪುಟಗಳು ಸಲೀಸಾಗಿ ಓಡುತ್ತಿದ್ದವು. ಟೈಪ್ ಮಾಡಿದರೆ ಅಕ್ಷರ ತಕ್ಷಣ ಮೂಡುತ್ತಿತ್ತು. ಅಲ್ಲೇ ನನಗೆ ಅನುಮಾನ ಬಂತು. ದೊಡ್ಡ ದೊಡ್ಡ ಫೋಟೋ ತುಂಬಿ ಭಾರವಾದ ಫೈಲು ತೆರೆಯುವಾಗಲೂ ಏದುಸಿರು ಬಿಡುತ್ತದೆ, ಆಮೇಲೂ ಬಿಡುತ್ತದೆ. ಇದು ಹಾಗಲ್ಲ. ಬಾಗಿಲಲ್ಲಿ ಮಾತ್ರ ನಿಲ್ಲುತ್ತಿತ್ತು.

ಫೈಲನ್ನು ಮುಚ್ಚಿ ಇನ್ನೊಮ್ಮೆ ತೆರೆದೆ. ಈ ಸಲ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲಿ ಇಟ್ಟುಕೊಂಡೆ. ಕಂಪ್ಯೂಟರಿನಲ್ಲಿ ಯಾವುದು ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಕಿಟಕಿ ಅದು. ಅಲ್ಲಿ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ನೆ ಕೂತಿತ್ತು. ವರ್ಡ್ ದುಡಿಯುತ್ತಿರಲಿಲ್ಲ, ಕಾಯುತ್ತಿತ್ತು. ದುಡಿಯುವವನಿಗಾದರೆ ರ್‍ಯಾಮ್ ಬೇಕು, ವೇಗದ ಪ್ರೊಸೆಸರ್ ಬೇಕು. ಬರೀ ಕಾಯುವವನಿಗೆ ಲಕ್ಷ ರೂಪಾಯಿಯ ಯಂತ್ರ ಕೊಟ್ಟರೂ ಅಷ್ಟೇ, ಅಲ್ವಾ?

ಹಾಗಾದರೆ ಅದು ಕಾಯುತ್ತಿದ್ದದ್ದು ಯಾರಿಗಾಗಿ? ಸಂಘದ ಆ ಹಳೆಯ ಕಂಪ್ಯೂಟರಿಗಾಗಿ. ಪ್ಲಗ್ ತೆಗೆದು, ಬಟ್ಟೆ ಮುಚ್ಚಿ, ಗೋದಾಮಿನ ಮೂಲೆಯಲ್ಲಿ ಇಟ್ಟಿದ್ದರಲ್ಲ, ಅದೇ.

ಇದು ಹೇಗೆ ಅಂತ ಹೇಳುತ್ತೇನೆ. ವರದಿಯಲ್ಲಿ ಜಮಾ-ಖರ್ಚು, ಲಾಭ-ನಷ್ಟ, ಅಡಾವೆ ಪತ್ರಿಕೆ ಇರುತ್ತವೆ. ಇವನ್ನು ಎಕ್ಸೆಲ್‌ನಲ್ಲಿ ಮಾಡುತ್ತಾರೆ. ಅಲ್ಲಿಂದ ವರ್ಡಿಗೆ ತರಲು ಎರಡು ದಾರಿ. ಒಂದು, ಕೋಷ್ಟಕವನ್ನೇ ಎತ್ತಿ ತಂದು ಅಂಟಿಸುವುದು. ಇನ್ನೊಂದು, ಅಂಟಿಸುವಾಗ ಲಿಂಕ್ ಇಟ್ಟು ಅಂಟಿಸುವುದು. ಆಗ ವರ್ಡ್ ಕೋಷ್ಟಕದ ಜೊತೆಗೆ ಒಂದು ವಿಳಾಸವನ್ನೂ ಬರೆದಿಟ್ಟುಕೊಳ್ಳುತ್ತದೆ. ಇಂಥ ಕಂಪ್ಯೂಟರು, ಇಂಥ ಫೋಲ್ಡರು, ಇಂಥ ಎಕ್ಸೆಲ್ ಫೈಲು ಎಂದು. ಎಕ್ಸೆಲ್‌ನಲ್ಲಿ ಒಂದು ಅಂಕಿ ತಿದ್ದಿದರೆ ವರದಿಯಲ್ಲೂ ತಾನಾಗಿ ತಿದ್ದಿಕೊಳ್ಳುತ್ತದೆ. ಮೈಕ್ರೋಸಾಫ್ಟ್ ಈ ಏರ್ಪಾಡನ್ನು ತಂದು ಮೂವತ್ತು ವರ್ಷಕ್ಕೂ ಮೀರಿತು. ಒಳ್ಳೆಯ ಏರ್ಪಾಡೇ. ಆಡಿಟರು ಕೊನೇ ಗಳಿಗೆಯಲ್ಲಿ ಅಂಕಿ ಬದಲಾಯಿಸುವ ಊರಿನಲ್ಲಿ ಇದಕ್ಕಿಂತ ಉಪಕಾರಿ ಯಾವುದೂ ಇಲ್ಲ.

ತೊಂದರೆ ಶುರುವಾಗುವುದು ನಮ್ಮ ಒಂದು ಅಭ್ಯಾಸದಿಂದ. ಹೊಸ ವರದಿಯನ್ನು ನಾವು ಯಾರೂ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಹೋದ ವರ್ಷದ ಫೈಲು ತೆಗೆದು, ಸೇವ್ ಆ್ಯಸ್ ಕೊಟ್ಟು, ವರ್ಷ ಬದಲಾಯಿಸುತ್ತೇವೆ. ಹೆಸರು ಹೊಸದಾಗುತ್ತದೆ. ಒಳಗಿನ ಲಿಂಕುಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಆ ವರದಿಯಲ್ಲಿ ನಾನು ಎಣಿಸಿದ್ದು 11 ಲಿಂಕು. ಏಳು ಕೋಷ್ಟಕ, ಎರಡು ಫೋಟೋ, ಮತ್ತು ಸಂಘದ ಲಾಂಛನ ಎರಡು ಕಡೆ. ಎಲ್ಲಕ್ಕೂ ಆ ಗೋದಾಮಿನ ಕಂಪ್ಯೂಟರಿನದೇ ವಿಳಾಸ.

ಫೈಲು ತೆರೆದಾಗ ವರ್ಡ್ ಏನು ಮಾಡುತ್ತದೆ? ನೆಟ್‌ವರ್ಕಿನಲ್ಲಿ ಆ ಹೆಸರಿನ ಕಂಪ್ಯೂಟರನ್ನು ಕೂಗುತ್ತದೆ. "ಇಲ್ಲ" ಎಂದು ಯಾರಾದರೂ ಹೇಳಿದ್ದರೆ ಆ ಕ್ಷಣವೇ ಮುಂದೆ ಹೋಗುತ್ತಿತ್ತು. ಯಾರೂ ಏನೂ ಹೇಳುವುದಿಲ್ಲ. ಉತ್ತರ ತಡವಾಗಿರಬಹುದು ಅಂತ ವಿಂಡೋಸ್ ಇನ್ನೊಮ್ಮೆ ಕೂಗುತ್ತದೆ, ಮತ್ತೆ ಕಾಯುತ್ತದೆ. ಹೀಗೆ ಒಂದು ಲಿಂಕಿಗೆ ಹತ್ತೋ ಇಪ್ಪತ್ತೋ ಸೆಕೆಂಡು ಎಂದಿಟ್ಟುಕೊಳ್ಳಿ. ಅದು ಕೈಬಿಟ್ಟ ಮೇಲೆ ಮುಂದಿನ ಲಿಂಕಿನ ಸರದಿ. ಹನ್ನೊಂದು ಸಲ ಲೆಕ್ಕ ಹಾಕಿ ನೋಡಿ. ಕೆಲವೊಮ್ಮೆ ಪರದೆಯ ಮೇಲೆ 'ಕಾಂಟ್ಯಾಕ್ಟಿಂಗ್ ದಿ ಸರ್ವರ್' ಎಂದು ಸಣ್ಣಗೆ ಬರುತ್ತದೆ. ಅದನ್ನು ಯಾರು ಓದುತ್ತಾರೆ!

ನಿಮ್ಮ ಫೈಲಿಗೂ ಇದೇ ರೋಗವಾ ಎಂದು ತಿಳಿಯಲು ಸುಲಭದ ಒಂದು ಉಪಾಯವಿದೆ. ನೆಟ್‌ವರ್ಕ್ ಕೇಬಲ್ ಎಳೆಯಿರಿ, ವೈಫೈ ಆರಿಸಿ. ಈಗ ಫೈಲು ತೆರೆಯಿರಿ. ನೆಟ್‌ವರ್ಕೇ ಇಲ್ಲದಿದ್ದರೆ ವಿಂಡೋಸ್ ಸಾಮಾನ್ಯವಾಗಿ ಕಾಯುವುದಿಲ್ಲ, ಕೂಡಲೇ ಕೈ ಚೆಲ್ಲುತ್ತದೆ. ನಾಲ್ಕು ನಿಮಿಷದ ಫೈಲು ನಾಲ್ಕು ಸೆಕೆಂಡಿನಲ್ಲಿ ತೆರೆದರೆ ಕಳ್ಳ ಸಿಕ್ಕ ಹಾಗೆ. ಅಂದು ಸಂಜೆ ಹಾಗೇ ಆಯಿತು. ವೈರಸ್ ಅಂದವರು ಮೆಲ್ಲಗೆ ಮನೆಗೆ ಹೊರಟರು.

ಈಗ ಮದ್ದು. ರೇಡಿಯೋದಲ್ಲಿ ಪರದೆ ತೋರಿಸಲು ಆಗುವುದಿಲ್ಲ, ಆದ್ದರಿಂದ ಪೆನ್ನು ಕಾಗದ ತೆಗೆದುಕೊಳ್ಳಿ. ಏನೇ ಮಾಡುವ ಮುಂಚೆ ಫೈಲಿನ ಒಂದು ಕಾಪಿ ಬೇರೆ ಕಡೆ ಇಟ್ಟುಕೊಳ್ಳಿ. ಆಮೇಲೆ ವರ್ಡಿನಲ್ಲಿ ಫೈಲ್ ಮೆನು, ಅದರಲ್ಲಿ ಇನ್ಫೋ. ಬಲಗಡೆ ಕೆಳಗೆ 'ಎಡಿಟ್ ಲಿಂಕ್ಸ್ ಟು ಫೈಲ್ಸ್' ಎಂದು ಇರುತ್ತದೆ. ಲಿಂಕ್ ಇರುವ ಫೈಲಿನಲ್ಲಿ ಮಾತ್ರ ಇದು ಕಾಣುತ್ತದೆ. ಒತ್ತಿದರೆ ಪಟ್ಟಿ ಬರುತ್ತದೆ. ಒಂದೊಂದನ್ನೂ ಆರಿಸಿ ಕೆಳಗೆ ನೋಡಿದರೆ ಅದರ ಪೂರ್ತಿ ವಿಳಾಸ ಸಿಗುತ್ತದೆ.

ಇಲ್ಲಿ ನೀವು ಒಂದು ತೀರ್ಮಾನಕ್ಕೆ ಬರಬೇಕು. ಆ ಎಕ್ಸೆಲ್ ಫೈಲು ಬೇರೆ ಜಾಗಕ್ಕೆ ಹೋಗಿದೆ, ಅಂಕಿಗಳು ಇನ್ನೂ ಬದಲಾಗುತ್ತಿವೆ ಎಂದಾದರೆ 'ಚೇಂಜ್ ಸೋರ್ಸ್' ಒತ್ತಿ ಹೊಸ ಜಾಗ ತೋರಿಸಿ. ಲೆಕ್ಕ ಮುಗಿದಿದೆ, ಇನ್ನು ತಿದ್ದುವುದಿಲ್ಲ ಎಂದಾದರೆ 'ಬ್ರೇಕ್ ಲಿಂಕ್'. ಕೊನೆಯ ಸಲ ಕಂಡ ಅಂಕಿಗಳು ಹಾಗೆಯೇ ಉಳಿಯುತ್ತವೆ, ವಿಳಾಸ ಮಾತ್ರ ಹೋಗುತ್ತದೆ. ಫೋಟೋ ಆಗಿದ್ದರೆ ಮೊದಲು 'ಸೇವ್ ಪಿಕ್ಚರ್ ಇನ್ ಡಾಕ್ಯುಮೆಂಟ್' ಎಂಬಲ್ಲಿ ಟಿಕ್ ಇದೆಯಾ ನೋಡಿ. ಇಲ್ಲದಿದ್ದರೆ ಆ ಚಿತ್ರ ಫೈಲಿನೊಳಗೆ ಇಲ್ಲವೇ ಇಲ್ಲ. ಅದನ್ನು ಹುಡುಕಿ ತಂದು ಹೊಸದಾಗಿ ಸೇರಿಸಬೇಕು.

ಕೆಲವರು ಇನ್ನೊಂದು ದಾರಿ ಹೇಳುತ್ತಾರೆ. ವರ್ಡಿನ ಆಪ್ಷನ್ಸ್, ಅಡ್ವಾನ್ಸ್ಡ್, ಕೆಳಗೆ ಜನರಲ್ ಎಂಬ ಭಾಗ. ಅಲ್ಲಿ 'ಅಪ್‌ಡೇಟ್ ಆಟೊಮ್ಯಾಟಿಕ್ ಲಿಂಕ್ಸ್ ಅಟ್ ಓಪನ್' ಎಂಬ ಟಿಕ್ ತೆಗೆಯುವುದು. ತೆಗೆಯಬಹುದು. ನನಗೆ ಅದು ಅರ್ಧ ಮದ್ದು ಅನ್ನಿಸುತ್ತದೆ. ಆ ಟಿಕ್ ಇರುವುದು ನಿಮ್ಮ ವರ್ಡಿನಲ್ಲಿ, ಫೈಲಿನಲ್ಲಿ ಅಲ್ಲ. ಫೈಲನ್ನು ಇಮೇಲಿನಲ್ಲಿ ಕಳಿಸಿದರೆ ಅಲ್ಲಿಯವರು ಕಾಯುತ್ತಾರೆ. ಜೊತೆಗೆ ನಿಮ್ಮ ಕಂಪ್ಯೂಟರಿನ ಹೆಸರು, ಫೋಲ್ಡರುಗಳ ಹೆಸರು ಎಲ್ಲ ಆ ವಿಳಾಸದಲ್ಲಿ ಅವರಿಗೆ ಕಾಣುತ್ತದೆ. ಅದೇನು ಚೆನ್ನ?

ಇನ್ನು ಶಾರ್ಟ್‌ಕಟ್ ಪ್ರಿಯರಿಗೆ ಒಂದು ಎಚ್ಚರಿಕೆ. ಕಂಟ್ರೋಲ್ ಎ ಒತ್ತಿ ಎಲ್ಲ ಆರಿಸಿ, ಕಂಟ್ರೋಲ್ ಶಿಫ್ಟ್ ಎಫ್ 9 ಒತ್ತಿದರೆ ಲಿಂಕುಗಳೆಲ್ಲ ಒಂದೇ ಏಟಿಗೆ ಹೋಗುತ್ತವೆ ಎಂದು ನಾನೂ ಒಂದು ಕಾಲದಲ್ಲಿ ಎಲ್ಲರಿಗೂ ಹೇಳುತ್ತಿದ್ದೆ. ಹೋಗುವುದು ನಿಜ. ಜೊತೆಗೆ ಪರಿವಿಡಿಯ ಜೀವವೂ ಹೋಗುತ್ತದೆ. ಒಂದು ಸ್ಮರಣ ಸಂಚಿಕೆಗೆ ಹೀಗೆ ಮಾಡಿ, ಆಮೇಲೆ ನಡುವೆ ಎರಡು ಪುಟ ಸೇರಿಸಿದೆವು. ಪರಿವಿಡಿ ಹಳೆಯ ಪುಟಸಂಖ್ಯೆಯಲ್ಲೇ ನಿಂತಿತ್ತು. ಯಾರೂ ನೋಡಲಿಲ್ಲ. ಅಚ್ಚಾಗಿ ಬಂದ ಮೇಲೆ ಎಲ್ಲರೂ ನೋಡಿದರು. ಅಂದಿನಿಂದ ನಾನು ಆಲ್ಟ್ ಎಫ್ 9 ಒತ್ತಿ ಮೊದಲು ಒಳಗಿನ ಬರಹ ನೋಡುತ್ತೇನೆ. ಲಿಂಕ್ ಅಥವಾ ಇನ್‌ಕ್ಲೂಡ್‌ಪಿಕ್ಚರ್ ಎಂದು ಇರುವ ಜಾಗಗಳನ್ನು ಮಾತ್ರ ಆರಿಸಿ ಬಿಡಿಸುತ್ತೇನೆ. ಪುಟದ ತಲೆಯಲ್ಲಿ, ಬುಡದಲ್ಲಿ ಇರುವವನ್ನು ಕಂಟ್ರೋಲ್ ಎ ಮುಟ್ಟುವುದೇ ಇಲ್ಲ. ಲಾಂಛನ ಕೂತಿರುವುದು ಸಾಮಾನ್ಯವಾಗಿ ಅಲ್ಲೇ. ಅಲ್ಲಿ ಡಬಲ್ ಕ್ಲಿಕ್ ಮಾಡಿ ಒಳಗೆ ಹೋಗಿ ಬೇರೆಯಾಗಿ ನೋಡಬೇಕು.

ಸಂಘದ ಫೈಲಿಗೆ ಬರೋಣ. ಹನ್ನೊಂದನ್ನೂ ಬಿಡಿಸಿ, ಸೇವ್ ಮಾಡಿ, ಕೇಬಲ್ ಸಿಕ್ಕಿಸಿ ತೆರೆದೆವು. ಅರ್ಧ ನಿಮಿಷ! ನಾಲ್ಕು ನಿಮಿಷದ ಮುಂದೆ ಅದು ಸ್ವರ್ಗ. ಸೆಕ್ರೆಟರಿಗೆ ಅಷ್ಟೇ ಸಾಕಿತ್ತು. ನನಗೆ ಸಮಾಧಾನವಾಗಲಿಲ್ಲ. ಇನ್ನೂ ಯಾರಿಗೋ ಕಾಯುತ್ತಿದೆ ಎಂದೆ.

ಅದು ಟೆಂಪ್ಲೇಟು, ಅಂದರೆ ಹೊಸ ಫೈಲುಗಳಿಗೆ ಅಚ್ಚಿನಂತೆ ಬಳಸುವ ಮಾದರಿ ಫೈಲು. ಯಾವುದೋ ಕಾಲದಲ್ಲಿ ಯಾರೋ ಸಂಘಕ್ಕೆಂದು ಒಂದು ಅಚ್ಚುಕಟ್ಟಾದ ಟೆಂಪ್ಲೇಟ್ ಮಾಡಿಕೊಟ್ಟಿದ್ದರು. ಅದರಿಂದ ಹುಟ್ಟಿದ ಪ್ರತಿ ಫೈಲೂ ತನ್ನ ಟೆಂಪ್ಲೇಟ್ ಎಲ್ಲಿದೆ ಎಂದು ನೆನಪಿಟ್ಟುಕೊಂಡಿರುತ್ತದೆ, ತೆರೆದಾಗ ಅದನ್ನೂ ಹುಡುಕುತ್ತದೆ. ಲಿಂಕುಗಳ ಪಟ್ಟಿಯಲ್ಲಿ ಇದು ಬರುವುದಿಲ್ಲ. ಆದ್ದರಿಂದಲೇ ಬಹಳ ಜನ ಇಲ್ಲಿ ಸೋಲುತ್ತಾರೆ. ಆಪ್ಷನ್ಸ್‌ನಲ್ಲಿ ಆ್ಯಡ್-ಇನ್ಸ್, ಕೆಳಗೆ ಮ್ಯಾನೇಜ್ ಎಂಬಲ್ಲಿ ಟೆಂಪ್ಲೇಟ್ಸ್ ಆರಿಸಿ 'ಗೋ' ಒತ್ತಿ. ಡಾಕ್ಯುಮೆಂಟ್ ಟೆಂಪ್ಲೇಟ್ ಎಂಬ ಚೌಕದಲ್ಲಿ ಹಳೆಯ ವಿಳಾಸ ಕಂಡರೆ ಅಳಿಸಿ, ನಾರ್ಮಲ್ ಎಂದು ಬರೆದು ಓಕೆ ಕೊಟ್ಟು ಸೇವ್ ಮಾಡಿ. ನಾವು ಹಾಗೇ ಮಾಡಿದೆವು. ಫೈಲು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು.

ಸ್ವಲ್ಪ ಕೈಚಳಕ ಇರುವವರಿಗೆ ಇನ್ನೊಂದು ಮಾತು. 2007ರ ವರ್ಡಿನಿಂದ ಈಚೆಗೆ ಬಂದ ಡಾಕ್ಸ್ ಫೈಲು ನಿಜಕ್ಕೂ ಒಂದು ಜಿಪ್ ಗಂಟು. ಅದರ ಕಾಪಿ ಮಾಡಿ, ಹೆಸರಿನ ಕೊನೆಯ ಡಾಕ್ಸ್ ಎಂಬುದನ್ನು ಜಿಪ್ ಎಂದು ಬದಲಾಯಿಸಿ ಬಿಚ್ಚಿ ನೋಡಿ. ವರ್ಡ್ ಎಂಬ ಫೋಲ್ಡರಿನೊಳಗೆ ರೆಲ್ಸ್ ಎಂಬ ಫೋಲ್ಡರಿದೆ. ಅಲ್ಲಿಯ ಫೈಲುಗಳನ್ನು ನೋಟ್‌ಪ್ಯಾಡಿನಲ್ಲಿ ತೆರೆದು 'ಎಕ್ಸ್‌ಟರ್ನಲ್' ಎಂಬ ಪದ ಹುಡುಕಿ. ಹೊರಗಿನ ವಿಳಾಸಗಳು ಹೆಚ್ಚಾಗಿ ಅಲ್ಲೇ ಇರುತ್ತವೆ, ಟೆಂಪ್ಲೇಟಿನದೂ ಸೇರಿ. ವೆಬ್‌ಸೈಟಿನ ಸಾಮಾನ್ಯ ಲಿಂಕುಗಳೂ ಅಲ್ಲಿ ಕಾಣುತ್ತವೆ. ಅವು ನಿರಪರಾಧಿಗಳು, ಕ್ಲಿಕ್ ಮಾಡುವ ತನಕ ಎಲ್ಲಿಗೂ ಹೋಗುವುದಿಲ್ಲ.

ವರ್ಡಿನ ಬದಲು ಲಿಬ್ರೆ ಆಫೀಸಿನ ರೈಟರ್ ಬಳಸುವವರಿಗೆ ಕೆಲಸ ಸುಲಭ. ಎಡಿಟ್ ಮೆನುವಿನಲ್ಲೇ ಲಿಂಕುಗಳ ಪಟ್ಟಿ ಸಿಗುತ್ತದೆ. ಫೈಲು ತೆರೆದಾಗ ಲಿಂಕುಗಳನ್ನು ಯಾವಾಗಲೂ ಹುಡುಕಬೇಕಾ, ಕೇಳಿ ಹುಡುಕಬೇಕಾ, ಹುಡುಕಲೇಬಾರದಾ ಎಂಬುದನ್ನೂ ರೈಟರ್‌ನ ಆಪ್ಷನ್ಸ್‌ನಲ್ಲಿ ಆರಿಸಬಹುದು.

ಲಿಂಕಿರುವ ಫೈಲು ತೆರೆದಾಗ ವರ್ಡ್ ಕೆಲವೊಮ್ಮೆ ಒಂದು ಪ್ರಶ್ನೆ ಕೇಳುತ್ತದೆ. ಬೇರೆ ಫೈಲುಗಳಿಂದ ಮಾಹಿತಿ ತಂದು ಹೊಸದು ಮಾಡಲಾ ಎಂದು. ನಾವು ಓದದೆ ಯೆಸ್ ಒತ್ತುತ್ತೇವೆ. ಗೊತ್ತಿಲ್ಲದವರಿಂದ ಬಂದ ಫೈಲಾದರೆ ದಯವಿಟ್ಟು ನೋ ಒತ್ತಿ. 2022ರ ಮೇ ತಿಂಗಳಲ್ಲಿ ಫೋಲಿನಾ ಎಂಬ ಹೆಸರಿನ ಒಂದು ದೋಷ ಬಯಲಾಯಿತು. ವರ್ಡ್ ಫೈಲಿನೊಳಗೆ ಹೊರಗಿನ ವಿಳಾಸ ಒಂದನ್ನು ಅಡಗಿಸಿಟ್ಟು, ಅದರ ಮೂಲಕ ಕಂಪ್ಯೂಟರಿಗೆ ಕನ್ನ ಹಾಕುವ ದಾರಿ ಅದು. ಮುಂದಿನ ತಿಂಗಳು ಮೈಕ್ರೋಸಾಫ್ಟ್ ಅದಕ್ಕೆ ತೇಪೆ ಹಾಕಿತು. ಇಂಥ ಫೈಲು ಪ್ರಶ್ನೆ ಕೇಳಿಯೇ ಬರುತ್ತದೆ ಅಂತೇನೂ ಇಲ್ಲ. ಆದ್ದರಿಂದ ವಿಂಡೋಸ್ ಅಪ್‌ಡೇಟನ್ನು ನಾಳೆ ನಾಳೆ ಎಂದು ಮುಂದೂಡಬೇಡಿ.

ಮಹಾಸಭೆ ಚೆನ್ನಾಗಿ ನಡೆಯಿತು. ವರದಿಯ ಪ್ರತಿಗಳು ಬಿಸಿಯಾರುವ ಮೊದಲೇ ಹಂಚಿ ಆಯಿತು. ಆದರೆ ಮುಂದಿನ ವರ್ಷ ಅದೇ ಹೊತ್ತಿಗೆ ಮತ್ತೆ ಫೋನು ಬಂತು. "ಮೇಷ್ಟ್ರೇ, ಮತ್ತೆ ನಾಲ್ಕು ನಿಮಿಷ!" ಹೋಗಿ ನೋಡಿದರೆ ಅವೇ 11 ಲಿಂಕು, ಅದೇ ಟೆಂಪ್ಲೇಟು. ಹಿಂದಿನ ವರ್ಷ ರಿಪೇರಿಗೆ ಮುಂಚೆ ನಾನೇ ಒಂದು ಕಾಪಿ ಇಡಿಸಿದ್ದೆನಲ್ಲ, ಸೆಕ್ರೆಟರಿ ಹೊಸ ವರದಿಯನ್ನು ಅದರಿಂದ ಶುರು ಮಾಡಿದ್ದರು. ಆ ಕಾಪಿ ಈಗಲೂ ಅಲ್ಲೇ ಇದೆ. ಅದರ ಹೆಸರನ್ನು ಮಾತ್ರ ಬದಲಾಯಿಸಿದ್ದೇವೆ: 'ಇದನ್ನು ಮುಟ್ಟಬೇಡಿ, ಮೇಷ್ಟ್ರು ಬೈತಾರೆ'.

ನಮಸ್ಕಾರ.